ವಿಧಾನಸೌಧವನ್ನು ಕಟ್ಟಿಸಿದ ರಾಮನಗರದ ಶಾಸಕ: ಕೆಂಗಲ್ ಹನುಮಂತಯ್ಯ

ಅಧಿಕಾರವನ್ನು ಪಡೆಯಲು ಶ್ರಮಿಸಿದವರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ತಮ್ಮ ಅಧಿಕಾರದ ಬುಡವನ್ನೇ ಅಲುಗಾಡಿಸಬಹುದಾದ ನಿರ್ಧಾರವನ್ನು ನಾಡಿನ ಹಿತಕ್ಕಾಗಿ ಬೆಂಬಲಿಸಿದವರು ವಿರಳ. ಈ ವಿರಳರ ಸಾಲಿನಲ್ಲಿ ನಿಲ್ಲುವವರು ದಿವಂಗತ ಶ್ರೀ ಕೆಂಗಲ್ ಹನುಮಂತಯ್ಯನವರು. ವಿಧಾನಸೌಧದ ನಿರ್ಮಾತೃ ಎಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಆ ಭವ್ಯ ಸೌಧದಲ್ಲಿ ಅವರು ಮುಖ್ಯಮಂತ್ರಿಯಾಗಿ ಸದನವನ್ನು ಮುನ್ನಡೆಸಲಿಲ್ಲ, ಸಾಮಾನ್ಯ ಶಾಸಕರಾಗಿ ಕುಳಿತರು ಎಂಬುದನ್ನು ಬಲ್ಲವರು ಕಡಿಮೆ.

ಹನುಮಂತಯ್ಯನವರು 1908ರ ಫೆಬ್ರವರಿ 14ರಂದು ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯ ಒಕ್ಕಲಿಗ ಕುಟುಂಬದಲ್ಲಿ ಜನಿಸಿದರು. ಕ್ಲೋಸ್‌ಪೇಟೆ ಎಂದು ಆಗ ಕರೆಯಲ್ಪಡುತ್ತಿದ್ದ ರಾಮನಗರವು ಅಂದಿನ ಬೆಂಗಳೂರು ಜಿಲ್ಲೆಗೆ ಸೇರಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ ರಚನೆಯಾದಾಗ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳೊಡನೆ ರಾಮನಗರವೂ ಆ ಜಿಲ್ಲೆಯ ಭಾಗವಾಯಿತು. 2007ರವರೆಗೂ ಹಾಗೆಯೇ ಉಳಿದಿತ್ತು. ಅವರ ಹೆಸರಿನೊಡನೆ ಸೇರಿಕೊಂಡಿರುವ ಕೆಂಗಲ್, ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ಹೆದ್ದಾರಿಯ ಬದಿಯಲ್ಲಿರುವ ಆಂಜನೇಯನ ಕ್ಷೇತ್ರ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ ಪಡೆದು, ಪೂನಾದಲ್ಲಿ ಕಾನೂನು ವ್ಯಾಸಂಗ ಮುಗಿಸಿ, ಅವರು ವಕೀಲರಾದರು. ಆದರೆ ಸ್ವಾತಂತ್ರ್ಯ ಹೋರಾಟದ ಕರೆ ನ್ಯಾಯಾಲಯದ ಆಕರ್ಷಣೆಗಿಂತ ಬಲವಾಗಿತ್ತು. ಕಾಂಗ್ರೆಸ್ಸಿನ ಕಾರ್ಯಕರ್ತರಾಗಿ ಹಲವು ಬಾರಿ ಸೆರೆಮನೆ ಕಂಡರು. ಮಹಾರಾಜರ ಆಳ್ವಿಕೆಯಲ್ಲಿದ್ದ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯನ್ನು ಪ್ರವೇಶಿಸಿ, 1944ರಲ್ಲಿ ಅಲ್ಲಿನ ಕಾಂಗ್ರೆಸ್ ಪಕ್ಷದ ನಾಯಕರಾದರು. ಸಲಹೆ ನೀಡಲು ಮಾತ್ರ ಅಧಿಕಾರವಿದ್ದ ಆ ಸಭೆಯಲ್ಲಿ ಪ್ರಶ್ನೆ ಕೇಳುವ, ವಾದಿಸುವ ಕಲೆಯನ್ನು ಅವರು ಕರಗತ ಮಾಡಿಕೊಂಡರು.

1947ರ ಅಕ್ಟೋಬರಿನಲ್ಲಿ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಸ್ಥಾಪನೆಯಾಗಿ ಶ್ರೀ ಕೆ.ಸಿ. ರೆಡ್ಡಿಯವರು ಅದರ ಮುಖ್ಯಸ್ಥರಾದರು. ಹನುಮಂತಯ್ಯನವರು ಭಾರತದ ಸಂವಿಧಾನ ಸಭೆಯ ಸದಸ್ಯರಾಗಿ ದೆಹಲಿಗೆ ಹೋದರು. 1949ರ ನವೆಂಬರಿನಲ್ಲಿ ಸಂವಿಧಾನದ ಕರಡಿನ ಮೇಲೆ ಅಂತಿಮ ಚರ್ಚೆ ನಡೆದಾಗ, ನಮ್ಮ ನೆಲದ ನಾದವನ್ನು ಬಯಸಿದವರ ಕಿವಿಗೆ ಪರದೇಶದ ವಾದ್ಯದ ಸದ್ದು ಬಿದ್ದಂತಾಗಿದೆ ಎಂಬ ಅರ್ಥದಲ್ಲಿ ಅವರು ತಮ್ಮ ಅಸಮಾಧಾನವನ್ನು ವ್ಯಕ್ತಪಡಿಸಿದರು. ಈ ಭಾವನೆಗೆ ಮುಂದೆ ಅವರು ಕಲ್ಲಿನಲ್ಲಿಯೇ ರೂಪ ಕೊಟ್ಟರು.

ವಯಸ್ಕ ಮತದಾನದ ಆಧಾರದ ಮೇಲೆ 1952ರಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳ ಪೈಕಿ ಕಾಂಗ್ರೆಸ್ 74ನ್ನು ಗೆದ್ದಿತು. ರಾಮನಗರದಿಂದ ಆಯ್ಕೆಯಾದ ಹನುಮಂತಯ್ಯನವರನ್ನು ಪಕ್ಷವು ನಾಯಕರನ್ನಾಗಿ ಆರಿಸಿತು. ಮಾರ್ಚ್ 30ರಂದು, ತಮ್ಮ 44ನೆಯ ವಯಸ್ಸಿನಲ್ಲಿ, ಅವರು ಮುಖ್ಯಮಂತ್ರಿಯಾದರು.

ಆಗ ವಿಧಾನಮಂಡಲಕ್ಕೆ ಸ್ವಂತ ಕಟ್ಟಡವಿರಲಿಲ್ಲ. ಇಂದಿನ ಹೈಕೋರ್ಟ್ ಇರುವ ಅಠಾರಾ ಕಚೇರಿಯಲ್ಲಿ ಸದನ ಸೇರುತ್ತಿತ್ತು. ಅದರ ಎದುರಿನ ಜಾಗದಲ್ಲಿ ಹೊಸ ಕಟ್ಟಡಕ್ಕೆ 1951ರ ಜುಲೈ 13ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ಮಾಡಿದ್ದರು. ಸರಳವಾಗಿದ್ದ ಆ ಮೂಲ ನಕ್ಷೆಯನ್ನು ಹನುಮಂತಯ್ಯನವರು ಬದಲಿಸಿದರು. ಬ್ರಿಟಿಷರು ಬಿಟ್ಟುಹೋದ ಕಚೇರಿಗಳ ಮುಂದೆ ಪ್ರಜೆಗಳ ಮನೆ ಕುಬ್ಜವಾಗಿ ಕಾಣಬಾರದೆಂಬುದೂ, ಅದು ನಮ್ಮ ಶಿಲ್ಪಪರಂಪರೆಯ ಮುದ್ರೆಯನ್ನು ಹೊತ್ತಿರಬೇಕೆಂಬುದೂ ಅವರ ಆಶಯವಾಗಿತ್ತು. ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ಮೇಲ್ವಿಚಾರಣೆಯಲ್ಲಿ, 700 ಅಡಿ ಉದ್ದ, 350 ಅಡಿ ಅಗಲದ ಸೌಧ ಮೇಲೆದ್ದಿತು. ಸಾವಿರಾರು ಕೂಲಿಕಾರರೂ ಕಲ್ಲುಕುಟಿಗರೂ ಮರಗೆಲಸದವರೂ ಅಲ್ಲಿ ದುಡಿದರು. ಸೆರೆಮನೆಯ ಕೈದಿಗಳೂ ಅವರೊಡನೆ ಕೈಗೂಡಿಸಿದರು. ಸರ್ಕಾರದ ಕೆಲಸವನ್ನು ದೇವರ ಕೆಲಸವೆಂದೇ ಭಾವಿಸಿ ಮಾಡಬೇಕೆಂಬ ಆಶಯವನ್ನು ಮಹಾದ್ವಾರದ ಮೇಲೆ ಕೆತ್ತಿಸಲಾಯಿತು. ಬಡ ರಾಜ್ಯಕ್ಕೆ ಇಂಥ ವೈಭವವೇಕೆ ಎಂಬ ಟೀಕೆಯೂ ಬಲವಾಗಿ ಕೇಳಿಬಂದಿತು. ಸುಮಾರು 1 ಕೋಟಿ 80 ಲಕ್ಷ ರೂಪಾಯಿ ಅಂದಿಗೆ ಅಲ್ಪ ಮೊತ್ತವಲ್ಲ. ಈ ಟೀಕೆಯನ್ನು ಅವರು ಕೊನೆಯವರೆಗೂ ಹೊರಬೇಕಾಯಿತು.

ಆದರೆ ಅವರ ರಾಜಕೀಯ ಜೀವನದ ನಿಜವಾದ ಪರೀಕ್ಷೆ ನಡೆದದ್ದು ಕರ್ನಾಟಕ ಏಕೀಕರಣದ ಪ್ರಶ್ನೆಯಲ್ಲಿ. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಆ ವರ್ಷಾಂತ್ಯದಲ್ಲಿ ನೇಮಕವಾದ ಫಜಲ್ ಅಲಿ ಆಯೋಗವು 1955ರ ಸೆಪ್ಟೆಂಬರಿನಲ್ಲಿ ವರದಿ ಸಲ್ಲಿಸಿ, ಕನ್ನಡ ಪ್ರದೇಶಗಳೆಲ್ಲ ಒಂದೇ ರಾಜ್ಯವಾಗಬೇಕೆಂದು ಶಿಫಾರಸು ಮಾಡಿತು. ಇದು ಹಳೆಯ ಮೈಸೂರಿನ ಅನೇಕ ಮುಖಂಡರಿಗೆ ಹಿತವೆನಿಸಲಿಲ್ಲ. ಮುಂದುವರಿದ ಮೈಸೂರು ಹಿಂದುಳಿದ ಪ್ರದೇಶಗಳ ಹೊರೆ ಹೊರಬೇಕಾದೀತು ಎಂದು ಕೆಲವರು ವಾದಿಸಿದರು. ಹೊಸ ರಾಜ್ಯದಲ್ಲಿ ತಮ್ಮ ಸಮುದಾಯದ ಪ್ರಾಬಲ್ಯ ಕುಗ್ಗೀತು ಎಂಬ ಅಂಜಿಕೆ ಒಕ್ಕಲಿಗ ಮುಖಂಡರಲ್ಲಿತ್ತು. ಹನುಮಂತಯ್ಯನವರು ಆ ಸಮುದಾಯದಲ್ಲಿಯೇ ಹುಟ್ಟಿದವರು. ಅವರ ಬಲವೂ ಹಳೆಯ ಮೈಸೂರಿನಲ್ಲಿಯೇ ಇತ್ತು. ಮುಂಬಯಿ, ಹೈದರಾಬಾದ್ ಪ್ರಾಂತಗಳಿಂದ ಬರುವ ಶಾಸಕರು ಸೇರಿಕೊಂಡರೆ ಪಕ್ಷದ ತಕ್ಕಡಿ ಬೇರೆಡೆಗೆ ವಾಲುವುದೆಂದು ಊಹಿಸುವುದು ಯಾರಿಗೂ ಕಷ್ಟವಾಗಿರಲಿಲ್ಲ. ಆದರೂ ಅವರು ಏಕೀಕರಣದ ಪರವಾಗಿ ನಿಂತರು. ತಮ್ಮವರ ವಿರೋಧವನ್ನು ಎದುರಿಸಿ ಅದನ್ನು ಸಮರ್ಥಿಸಿದರು.

ಇತ್ತ ಶಾಸಕಾಂಗ ಪಕ್ಷದೊಳಗೆ ಭಿನ್ನಮತ ಬೆಳೆಯಿತು. ಅವರ ನಿಷ್ಠುರ ಸ್ವಭಾವವೂ ಸಹೋದ್ಯೋಗಿಗಳನ್ನು ದೂರ ಮಾಡಿತ್ತು. ಪಕ್ಷದ ವಿಶ್ವಾಸ ಕಳೆದುಕೊಂಡ ಹನುಮಂತಯ್ಯನವರು 1956ರ ಆಗಸ್ಟ್ 19ರಂದು ಅಧಿಕಾರ ಬಿಟ್ಟರು. ಶ್ರೀ ಕಡಿದಾಳ್ ಮಂಜಪ್ಪನವರು ಕೆಲಕಾಲ ಮುಖ್ಯಮಂತ್ರಿಯಾಗಿದ್ದರು. ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಶ್ರೀ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಅದೇ ವರ್ಷ ವಿಧಾನಸೌಧವೂ ಪೂರ್ಣಗೊಂಡಿತು. ಮನೆ ಸಿದ್ಧವಾಯಿತು, ಆ ಮನೆಗೆ ಹಿರಿದಾದ ಕುಟುಂಬವೂ ಬಂದಿತು; ಕಟ್ಟಿಸಿದ ಯಜಮಾನರು ಮಾತ್ರ ಯಜಮಾನಿಕೆಯಲ್ಲಿ ಇರಲಿಲ್ಲ.

ಅನೇಕರು ಇಂಥ ಸಂದರ್ಭದಲ್ಲಿ ಮುನಿಸಿಕೊಂಡು ಮನೆಸೇರುತ್ತಾರೆ. ಹನುಮಂತಯ್ಯನವರು 1957ರಲ್ಲಿ ಮತ್ತೆ ರಾಮನಗರದ ಮತದಾರರ ಮುಂದೆ ನಿಂತು ಗೆದ್ದರು. 208 ಸದಸ್ಯರ ಹೊಸ ವಿಧಾನಸಭೆಯಲ್ಲಿ ಅವರೂ ಒಬ್ಬರಾದರು. 1962ರಲ್ಲಿ ಬೆಂಗಳೂರು ನಗರದಿಂದ ಲೋಕಸಭೆಗೆ ಆಯ್ಕೆಯಾದರು. 1967 ಮತ್ತು 1971ರಲ್ಲಿಯೂ ಅಲ್ಲಿಂದಲೇ ವಿಜಯಿಯಾದರು. 1967ರಲ್ಲಿ ಶ್ರೀ ಮೊರಾರ್ಜಿ ದೇಸಾಯಿಯವರು ಉಪಪ್ರಧಾನಿಯಾದಾಗ, ಅವರಿಂದ ತೆರವಾದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷ ಪದವಿಯನ್ನು ವಹಿಸಿಕೊಂಡರು. ಈ ಆಯೋಗವು ಒಟ್ಟು 20 ವರದಿಗಳನ್ನು ಸಲ್ಲಿಸಿತು. ಆಮೇಲೆ ಶ್ರೀಮತಿ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಕಾನೂನು ಮತ್ತು ಸಮಾಜ ಕಲ್ಯಾಣ ಸಚಿವರಾಗಿ, 1971ರಿಂದ 1972ರವರೆಗೆ ರೈಲ್ವೆ ಸಚಿವರಾಗಿ ಸೇವೆ ಸಲ್ಲಿಸಿದರು.

ಕೊನೆಯ ಚುನಾವಣೆ ಅವರಿಗೆ ಕಹಿಯಾಯಿತು. ತುರ್ತುಪರಿಸ್ಥಿತಿಯ ನಂತರ 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದರೂ ಕರ್ನಾಟಕದಲ್ಲಿ 28 ಸ್ಥಾನಗಳ ಪೈಕಿ 26ನ್ನು ಉಳಿಸಿಕೊಂಡಿತು. ಸೋತ ಎರಡರಲ್ಲಿ ಹನುಮಂತಯ್ಯನವರು ಸ್ಪರ್ಧಿಸಿದ್ದ ಬೆಂಗಳೂರು ದಕ್ಷಿಣವೂ ಒಂದು. ಅವರನ್ನು ಸೋಲಿಸಿದವರು ಜನತಾ ಪಕ್ಷದ ಶ್ರೀ ಕೆ.ಎಸ್. ಹೆಗ್ಡೆಯವರು. ಜ್ಯೇಷ್ಠತೆಯನ್ನು ಕಡೆಗಣಿಸಿದ್ದಕ್ಕಾಗಿ 1973ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಪದವಿಗೆ ರಾಜೀನಾಮೆಯಿತ್ತಿದ್ದ ಹೆಗ್ಡೆಯವರು ಮುಂದೆ ಲೋಕಸಭೆಯ ಸಭಾಪತಿಯಾದರು. 1980ರ ಡಿಸೆಂಬರ್ 1ರಂದು ಹನುಮಂತಯ್ಯನವರು ಕಾಲವಾದರು.

ಅವರ ತವರು ಕ್ಷೇತ್ರವಾದ ರಾಮನಗರ 1994ರಲ್ಲಿ ಶ್ರೀ ಎಚ್.ಡಿ. ದೇವೇಗೌಡರನ್ನು ಗೆಲ್ಲಿಸಿ ಮತ್ತೊಬ್ಬ ಮುಖ್ಯಮಂತ್ರಿಯನ್ನು ನಾಡಿಗೆ ಕೊಟ್ಟಿತು. ಬೆಂಗಳೂರಿನ ಒಂದು ಮುಖ್ಯ ರಸ್ತೆ ಹನುಮಂತಯ್ಯನವರ ಹೆಸರನ್ನು ಹೊತ್ತಿದೆ. ವಿಧಾನಸೌಧದ ಆವರಣದಲ್ಲಿ ಅವರ ಪ್ರತಿಮೆ ನಿಂತಿದೆ.

ಗೆಲುವು ಸೋಲುಗಳ ಲೆಕ್ಕದಿಂದ ಮಾತ್ರ ನೋಡಿದರೆ, ನಾಲ್ಕು ವರ್ಷ ನಾಲ್ಕು ತಿಂಗಳಷ್ಟೇ ಮುಖ್ಯಮಂತ್ರಿಯಾಗಿದ್ದ ಒಬ್ಬ ರಾಜಕಾರಣಿ ಅವರು. ಆದರೆ ಬೀದರದಿಂದ ಚಾಮರಾಜನಗರದವರೆಗಿನ ಕನ್ನಡಿಗರು ಇಂದು ಒಂದೇ ಶಾಸನಸಭೆಗೆ ಪ್ರತಿನಿಧಿಗಳನ್ನು ಕಳುಹಿಸುವಾಗ, ಆ ಸಭೆಯ ಗೋಡೆಯಲ್ಲಿಯೂ ಅದರ ವಿಸ್ತಾರದಲ್ಲಿಯೂ ಅವರ ಪಾಲಿದೆ. ಮಕ್ಕಳಿಗೆ ವಿಧಾನಸೌಧವನ್ನು ತೋರಿಸಲು ಕರೆದೊಯ್ಯುವ ತಂದೆತಾಯಿಯರು ಅದರ ಕಂಬಗಳನ್ನು ತೋರಿಸಿದರೆ ಸಾಲದು. ಕಟ್ಟಿಸಿದವರು ಪದವಿ ಕಳೆದುಕೊಂಡ ಮೇಲೂ ಮತದಾರರಿಂದ ಅಪ್ಪಣೆ ಪಡೆದು ಅದೇ ಮನೆಗೆ ಸದಸ್ಯರಾಗಿ ಬಂದರೆಂಬುದನ್ನೂ ತಿಳಿಸಬೇಕು. ಪ್ರಜಾಪ್ರಭುತ್ವದ ಅರ್ಥ ಮಕ್ಕಳಿಗೆ ಅಲ್ಲಿ ಸುಲಭವಾಗಿ ತಿಳಿಯುತ್ತದೆ.