ತಾಯಂದಿರ ಮಾತಿಗೆ ಕಿವಿಗೊಟ್ಟ ವೈದ್ಯೆ

ಎಳೆಯ ಮಕ್ಕಳ ಆಹಾರವನ್ನು ಕುರಿತು ಲೋಕದ ಕಣ್ಣು ತೆರೆಸಿದವರಲ್ಲಿ ಡಾಕ್ಟರ್ ಸಿಸಿಲಿ ವಿಲಿಯಮ್ಸ್ ಪ್ರಮುಖರು. ಈಕೆ 1893ರಲ್ಲಿ ಜಮೈಕಾ ದ್ವೀಪದಲ್ಲಿ ಜನಿಸಿದರು. ಮೊದಲನೆಯ ಮಹಾಯುದ್ಧಕ್ಕೆ ಗಂಡಸರು ತೆರಳಿದ್ದ ಕಾಲದಲ್ಲಿ ಹೆಂಗಸರಿಗೂ ವೈದ್ಯವಿದ್ಯೆಯ ಅವಕಾಶ ಹೆಚ್ಚಿತು. ಈಕೆ ಆಕ್ಸ್‌ಫರ್ಡಿನಲ್ಲಿ ಓದಿ ವೈದ್ಯೆಯಾದರು.

1929ರಲ್ಲಿ ಈಕೆ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಅಂದರೆ ಈಗಿನ ಘಾನಾ ದೇಶಕ್ಕೆ, ಸರ್ಕಾರಿ ಕೆಲಸದ ಮೇಲೆ ಹೋದರು. ಅಲ್ಲಿ ಒಂದರಿಂದ ನಾಲ್ಕು ವರ್ಷದ ಕೂಸುಗಳು ಕೈಕಾಲು ಊದಿ, ಕೂದಲು ಬಣ್ಣಗೆಟ್ಟು, ಚರ್ಮ ಸುಲಿದು ಸಾಯುತ್ತಿದ್ದವು. ಇದು ಪೆಲಾಗ್ರ ರೋಗವೇ ಎಂದು ಕೆಲವು ವೈದ್ಯರು ವಾದಿಸಿದರು. ಈಕೆಯಾದರೋ ಆ ಮಕ್ಕಳು ಏನು ತಿನ್ನುತ್ತಿದ್ದವೆಂಬುದನ್ನು ವಿಚಾರಿಸಿದರು. ಮೊಲೆಹಾಲು ಸಾಲದ ಮಕ್ಕಳಿಗೆ ದೊರೆಯುತ್ತಿದ್ದುದು ಬಹುಮಟ್ಟಿಗೆ ಮುಸುಕಿನ ಜೋಳದ ಗಂಜಿ ಮಾತ್ರ.

ಅಲ್ಲಿನ ಗಾ ಭಾಷೆಯ ಹೆಂಗಸರು ಈ ಕಾಯಿಲೆಯನ್ನು ಕ್ವಾಷಿಯೋರ್ಕರ್ ಎನ್ನುತ್ತಿದ್ದರು. ಮತ್ತೊಂದು ಮಗು ಹುಟ್ಟಿದಾಗ, ತಾಯ ಮಡಿಲಿನಿಂದ ಕೆಳಗಿಳಿದ ಮಗುವಿಗೆ ಬರುವ ರೋಗವೆಂದು ಅದರ ಅರ್ಥ. ರೋಗದ ಕಾರಣದ ಸುಳಿವು ಆ ಹೆಸರಿನಲ್ಲಿಯೇ ಅಡಗಿತ್ತು! ಸಿಸಿಲಿಯವರು 1933ರಲ್ಲಿ ರೋಗದ ವಿವರವನ್ನು ಪ್ರಕಟಿಸಿದರು. 1935ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದೇ ಹೆಸರನ್ನು ಬಳಸಿದರು. ಆಹಾರದಲ್ಲಿ ಪ್ರೋಟೀನಿನ ಕೊರತೆಯಿರಬಹುದೆಂದು ಅವರು ಊಹಿಸಿದ್ದರು. ರೋಗದ ಪೂರ್ಣ ಕಾರಣ ಇಂದಿಗೂ ಚರ್ಚೆಯಲ್ಲಿದೆಯಾದರೂ, ವೈದ್ಯಗ್ರಂಥಗಳಲ್ಲಿ ಆ ಹೆಸರು ಉಳಿದಿದೆ.

1936ರಲ್ಲಿ ಅವರಿಗೆ ಮಲಯಕ್ಕೆ ವರ್ಗವಾಯಿತು. ಅಲ್ಲಿ ಸಕ್ಕರೆ ಬೆರೆಸಿದ ಡಬ್ಬಿ ಹಾಲನ್ನು ಶಿಶುಗಳಿಗೆ ಯೋಗ್ಯವೆಂದು ಮಾರುತ್ತಿದ್ದರು. ಅದನ್ನು ಕುಡಿದ ಶಿಶುಗಳು ಸೊರಗಿ ಸಾಯುವುದನ್ನು ಕಂಡು, 1939ರಲ್ಲಿ ಸಿಂಗಪುರದ ಸಭೆಯೊಂದರಲ್ಲಿ ಈ ಪ್ರಚಾರವನ್ನು ಕೊಲೆಗೆ ಸಮಾನವೆಂದು ಖಂಡಿಸಿದರು. ಮುಂದೆ ಜಪಾನೀಯರ ಸೆರೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ನರಳಿದರು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿ-ಮಕ್ಕಳ ವಿಭಾಗಕ್ಕೆ ಮೊದಲ ಮುಖ್ಯಸ್ಥೆಯಾದರು. ಡಬ್ಬಿ ಹಾಲಿನ ಪ್ರಚಾರಕ್ಕೆ ಅಂಕುಶವಿಡುವ ಅಂತರರಾಷ್ಟ್ರೀಯ ಸಂಹಿತೆ ಬಂದದ್ದು 1981ರಲ್ಲಿ, ಅವರ ಭಾಷಣವಾಗಿ 42 ವರ್ಷಗಳ ತರುವಾಯ. 1992ರಲ್ಲಿ, ತಮ್ಮ 98ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ತಾಯಿಗೆ ಅಕ್ಷರ ಬಾರದು. ಆದರೂ ಕೂಸಿಗೆ ರಾಗಿ ಸರಿಯನ್ನು ಯಾವಾಗ, ಎಷ್ಟು ತೆಳುವಾಗಿ ಉಣಿಸಬೇಕೆಂದು ಬಲ್ಲಳು. ಆಕೆಯಂಥವರು ಬಲ್ಲದ್ದೆಲ್ಲ ಸರಿಯೆಂದು ನಾನು ಹೇಳಲಾರೆ. ಆದರೆ ಪದವಿ ಕೈಸೇರಿದೊಡನೆ ಅವರ ಮಾತು ನಮಗೆ ಹಗುರವಾಗಿ ಕಾಣುವ ಭಯವುಂಟು. ಆಕ್ಸ್‌ಫರ್ಡಿನ ಪದವೀಧರೆಯೊಬ್ಬರು ಓದುಬರಹವಿಲ್ಲದ ತಾಯಂದಿರ ನುಡಿಯೊಂದನ್ನು ವೈದ್ಯಶಾಸ್ತ್ರಕ್ಕೆ ಸೇರಿಸಿದರೆಂಬುದನ್ನು, ಈ ವರ್ಷ ಪದವಿ ಪಡೆಯಲಿರುವ ಗೆಳೆಯರು ನೆನಪಿನಲ್ಲಿಡಬೇಕು.