ಗುಂಡಿಲ್ಲದ ಬಂದೂಕು

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಕ್ಯಾಮೆರಾ ತಗೊಂಡು ಹೋದವರಿಗೆ ಈ ಪಾಡು ಗೊತ್ತಿರುತ್ತೆ. ಹಿಮಾಲಯದಾಚೆಯಿಂದ ಬಂದ ಪಟ್ಟೆತಲೆ ಹೆಬ್ಬಾತುಗಳು ಆರಾಮಾಗಿ ತೇಲ್ತಾ ಇರುತ್ತವೆ. ಇದ್ದಕ್ಕಿದ್ದಂತೆ ಹಿಂಡು ಮೇಲೇಳುತ್ತೆ. ನಾವು ಬಟನ್ ಒತ್ತಿ ಹಿಡೀತೀವಿ. ರೂಮಿಗೆ ಬಂದು ನೋಡಿದ್ರೆ ಮುಕ್ಕಾಲು ಪಾಲು ಫೋಟೋ ಮಸುಕು. ಉಳಿದದ್ದರಲ್ಲಿ ಹಕ್ಕಿ ಸಾಸಿವೆಯಷ್ಟು ಚಿಕ್ಕದು, ಅದೂ ಬೆಳಗುವ ಆಕಾಶದ ಎದುರು ಬರೀ ಕಪ್ಪು ನೆರಳು. ಆಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ಕ್ರಾಪ್ ಮಾಡೋದು, ನೆರಳು ಎತ್ತೋದು, ನಾಯ್ಸ್ ತೆಗೆಯೋದು ಶುರು.

ಮಸುಕು, ಚಿಕ್ಕದು, ಕಪ್ಪು. ಇದೇ ಮೂರು ದೂರುಗಳನ್ನ ಇಟ್ಕೊಂಡು ಒಬ್ಬ ಮನುಷ್ಯ ಹತ್ತಿರ ಹತ್ತಿರ ಹತ್ತು ವರ್ಷ ಗುದ್ದಾಡಿದ. ಆಗ ಲ್ಯಾಪ್‌ಟಾಪ್ ಇರಲಿ, ಸಿನಿಮಾ ಫಿಲ್ಮ್ ಕೂಡ ಇರಲಿಲ್ಲ. ಅವನ ಹೆಸರು ಎಟಿಯೆನ್ ಜೂಲ್ ಮಾರೇ.

ಮಾರೇ ಹುಟ್ಟಿದ್ದು 1830ರ ಮಾರ್ಚ್ 5ರಂದು, ಫ್ರಾನ್ಸಿನ ಬೋನ್ ಎಂಬ ಊರಿನಲ್ಲಿ. ದ್ರಾಕ್ಷಾರಸಕ್ಕೆ ಹೆಸರಾದ ಊರು ಅದು. ಹುಡುಗನಿಗೆ ಯಂತ್ರಗಳ ಹುಚ್ಚು, ಎಂಜಿನಿಯರ್ ಆಗುವ ಆಸೆ. ಆದರೆ ಅಪ್ಪನಿಗೆ ಮಗ ಡಾಕ್ಟರ್ ಆಗಬೇಕಿತ್ತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನಡೆಯೋ ಕಥೆ ಅಲ್ವಾ? ಅಪ್ಪನ ಮಾತೇ ಗೆದ್ದಿತು. 1849ರಲ್ಲಿ ಮಾರೇ ಪ್ಯಾರಿಸ್ಸಿಗೆ ಹೋಗಿ ವೈದ್ಯಕೀಯಕ್ಕೆ ಸೇರಿದ.

ಕಲಿತದ್ದು ವೈದ್ಯಕೀಯ, ತಲೆ ಮಾತ್ರ ಎಂಜಿನಿಯರನದೇ. 1860ರ ಹೊತ್ತಿಗೆ ನಾಡಿಮಿಡಿತವನ್ನ ಕಾಗದದ ಮೇಲೆ ತಾನೇ ಗೀಚುವ ಪುಟ್ಟ ಯಂತ್ರವೊಂದನ್ನ ಮಾಡಿದ. ಮಣಿಕಟ್ಟಿಗೆ ಕಟ್ಟಿದರೆ ಸಾಕು, ಸನ್ನೆಕೋಲಿನ ತುದಿ ಏರಿಳಿಯುತ್ತಾ ಗೆರೆ ಎಳೆಯುತ್ತಿತ್ತು. ಡಾಕ್ಟರ ಬೆರಳಿಗೆ ಅನ್ನಿಸಿದ್ದು ಒಬ್ಬೊಬ್ಬರಿಗೆ ಒಂದೊಂದು ಥರ. ಗೆರೆ ಹಾಗಲ್ಲ, ಯಾರು ಬೇಕಾದರೂ ಅಳೆಯಬಹುದು. ದೇಹದ ಚಲನೆ ತನ್ನ ಗ್ರಾಫನ್ನ ತಾನೇ ಬರೆಯಬೇಕು, ಇದು ಮಾರೇಯ ಜೀವನದುದ್ದದ ಹಟ.

ನಾಡಿ ಆಯ್ತು, ಹೃದಯ ಆಯ್ತು, ಕುದುರೆಯ ಗೊರಸು ಆಯ್ತು. ಆಮೇಲೆ ಹಕ್ಕಿ. ಪಾರಿವಾಳಕ್ಕೆ ಸಣ್ಣ ಜೀನು ತೊಡಿಸಿ, ರೆಕ್ಕೆಯ ಬಡಿತವನ್ನ ರಬ್ಬರ್ ನಳಿಗೆಯ ಗಾಳಿಯ ಮೂಲಕ ದೂರದ ಸಿಲಿಂಡರಿಗೆ ತಲುಪಿಸಿದ. ಮಸಿ ಹಿಡಿಸಿದ ಆ ಸಿಲಿಂಡರಿನ ಮೇಲೆ ಮುಳ್ಳು ಗೆರೆ ಎಳೆಯುತ್ತಿತ್ತು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಅದೊಂದು ಸೆನ್ಸರ್. 1873ರಲ್ಲಿ ಇದನ್ನೆಲ್ಲ ಸೇರಿಸಿ ಪ್ರಾಣಿಯೂ ಒಂದು ಯಂತ್ರ ಎಂಬ ಅರ್ಥದ ಪುಸ್ತಕ ಬರೆದ. ಆದರೂ ಒಂದು ಕೊರಗು ಉಳೀತು. ಭಾರ ಹೊತ್ತು, ನಳಿಗೆ ಕಟ್ಟಿಸಿಕೊಂಡು ಹಾರುವ ಹಕ್ಕಿ ನಿಜವಾಗಿ ಹಾರುವ ಹಕ್ಕಿಯೇ ಅಲ್ಲ. ಅಳತೆಯೇ ಅಳೆಯಬೇಕಾದ ವಸ್ತುವನ್ನ ಕೆಡಿಸುತ್ತಿತ್ತು.

1878ರ ಡಿಸೆಂಬರಿನಲ್ಲಿ ಒಂದು ಫ್ರೆಂಚ್ ಪತ್ರಿಕೆಯಲ್ಲಿ ಓಡುವ ಕುದುರೆಯ ಚಿತ್ರಗಳು ಬಂದವು. ತೆಗೆದವನು ಕ್ಯಾಲಿಫೋರ್ನಿಯಾದ ಮೈಬ್ರಿಜ್. ಸಾಲಾಗಿ ಕ್ಯಾಮೆರಾ ಇಟ್ಟು, ಅಡ್ಡಲಾಗಿ ದಾರ ಕಟ್ಟಿದ್ದ. ಕುದುರೆ ಓಡುತ್ತಾ ದಾರ ಕಡಿದ ಹಾಗೆ ಒಂದೊಂದೇ ಶಟರ್ ಬೀಳುತ್ತಿತ್ತು. ಮಾರೇಗೆ ಖುಷಿಯೋ ಖುಷಿ. ಹಕ್ಕಿಗಳನ್ನೂ ಹೀಗೇ ತೆಗೆದುಕೊಡಲು ಸಾಧ್ಯವೇ ಅಂತ ಕೇಳಿಸಿದ. 1881ರಲ್ಲಿ ಮೈಬ್ರಿಜ್ ಪ್ಯಾರಿಸ್ಸಿಗೆ ಬಂದಾಗ ಹಕ್ಕಿಯ ಚಿತ್ರಗಳನ್ನ ತಂದ, ಆದರೆ ಅವು ಮಾರೇಗೆ ಸಾಲಲಿಲ್ಲ. ಹಕ್ಕಿ ದಾರ ಕಡಿಯಲ್ಲ ನೋಡಿ, ಹೇಳಿದ ದಾರಿಯಲ್ಲೂ ಹಾರಲ್ಲ. ಅದೂ ಅಲ್ಲದೆ ಎರಡು ಚಿತ್ರಗಳ ನಡುವೆ ಎಷ್ಟು ಸಮಯ ಕಳೆಯಿತು ಅಂತ ಖಚಿತವಾಗಿ ಗೊತ್ತಿಲ್ಲದಿದ್ದರೆ ವೇಗ ಲೆಕ್ಕ ಹಾಕೋದು ಹೇಗೆ?

ಹಾಗಾಗಿ ಕ್ಯಾಮೆರಾವೇ ಹಕ್ಕಿಯ ಹಿಂದೆ ತಿರುಗಬೇಕು ಅಂತ ಮಾರೇ ತೀರ್ಮಾನಿಸಿದ. ಖಗೋಳಜ್ಞ ಜಾನ್ಸೆನ್ 1874ರ ಶುಕ್ರಸಂಕ್ರಮಣಕ್ಕೆಂದು ತಿರುಗುವ ಪ್ಲೇಟಿನ ಒಂದು ಕ್ಯಾಮೆರಾ ಮಾಡಿಸಿದ್ದ. 1868ರ ಸೂರ್ಯಗ್ರಹಣ ನೋಡಲು ನಮ್ಮ ಗುಂಟೂರಿಗೆ ಬಂದಿದ್ದನಲ್ಲ, ಅದೇ ಜಾನ್ಸೆನ್. ಆ ವಿಚಾರವನ್ನೇ ಮಾರೇ ಬಂದೂಕಿನೊಳಗೆ ತುರುಕಿದ. ನಳಿಗೆಯಲ್ಲಿ ಲೆನ್ಸು, ಹಿಂದೆ ಗಡಿಯಾರದಂಥ ಯಂತ್ರ, ನಡುವೆ ತಿರುಗುವ ಗಾಜಿನ ಪ್ಲೇಟು. ಹೆಗಲಿಗಿಟ್ಟು ಗುರಿ ಹಿಡಿದು ಕುದುರೆ ಎಳೆದರೆ ಸೆಕೆಂಡಿಗೆ 12 ಚಿತ್ರ. ಒಂದೊಂದಕ್ಕೆ ಬೆಳಕು ಬೀಳುವ ಹೊತ್ತು 1/720 ಸೆಕೆಂಡು. ಅಂದ್ರೆ ಒಂದು ಫ್ರೇಮಿಗೆ ಸಿಗುವ ಸಮಯದ 60ನೇ ಒಂದು ಭಾಗ ಮಾತ್ರ ಬೆಳಕು, ಮಿಕ್ಕಿದ್ದೆಲ್ಲ ಕತ್ತಲು.

1882ರಲ್ಲಿ ಇಟಲಿಯ ನೇಪಲ್ಸ್ ಕಡಲ ತೀರದಲ್ಲಿ ಮಾರೇ ಈ ಬಂದೂಕು ಹಿಡಿದು ಅಲೆದ. ಹಕ್ಕಿಗೆ ಗುರಿ ಇಡ್ತಾನೆ, ಸದ್ದು ಬರಲ್ಲ, ಹಕ್ಕಿ ಬೀಳಲ್ಲ, ಮನುಷ್ಯ ಮಾತ್ರ ಖುಷಿಯಿಂದ ಮನೆಗೆ ಹೋಗ್ತಾನೆ. ಊರಿನವರು ಇವನನ್ನ ಅರೆಹುಚ್ಚ ಅಂದ್ಕೊಂಡಿದ್ರು ಅನ್ನೋ ಕಥೆಯೂ ಇದೆ.

ಮಸುಕಿನ ದೂರು ತೀರಿತು. ಉಳಿದ ಎರಡು ಹಾಗೇ ಇದ್ದವು. ಚಿತ್ರಗಳು ಅಂಚೆಚೀಟಿಗಿಂತ ಚಿಕ್ಕವು, ದೊಡ್ಡದು ಮಾಡಿದರೆ ಕಪ್ಪು ಆಕಾರ ಬಿಟ್ಟು ಬೇರೇನೂ ಕಾಣದು. ಗರಿ ಹೇಗೆ ಬಾಗುತ್ತೆ, ರೆಕ್ಕೆಯ ಯಾವ ಭಾಗ ಮುಂದಿದೆ, ತಿಳಿಯುತ್ತಿರಲಿಲ್ಲ.

ಈಗ ಅವನು ಎಲ್ಲವನ್ನೂ ತಿರುಗುಮುರುಗು ಮಾಡಿದ. ಬಿಳಿ ಆಕಾಶದೆದುರು ಕಪ್ಪು ಹಕ್ಕಿ ಯಾಕೆ? ಕಪ್ಪು ಹಿನ್ನೆಲೆಯೆದುರು ಬಿಳಿ ಹಕ್ಕಿ ಹಾರಲಿ! ಅದೇ 1882ರಲ್ಲಿ ಪ್ಯಾರಿಸ್ಸಿನ ಅಂಚಿನಲ್ಲಿ ಅವನ ಪ್ರಯೋಗ ಕೇಂದ್ರ ಶುರುವಾಗಿತ್ತು. ಅಲ್ಲಿ ಬೆಳಕು ಹೊರಗೆ ಚಿಮ್ಮದ ಹಾಗೆ ಆಳವಾದ ಕಪ್ಪು ಕೊಟ್ಟಿಗೆ ಕಟ್ಟಿಸಿದ. ಮುಂದೆ ಒಂದೇ ಕ್ಯಾಮೆರಾ, ಅಲುಗಾಡದ ಒಂದೇ ದೊಡ್ಡ ಪ್ಲೇಟು, ಅದರ ಮುಂದೆ ಸೀಳುಗಳಿರುವ ತಿರುಗುವ ತಟ್ಟೆ. ಕಪ್ಪು ಪ್ಲೇಟಿನ ಮೇಲೆ ಏನನ್ನೂ ಬರೆಯುವುದಿಲ್ಲವಾದ್ದರಿಂದ ಅದೇ ಪ್ಲೇಟು ಮತ್ತೆ ಮತ್ತೆ ಚಿತ್ರ ಹಿಡಿಯುತ್ತಿತ್ತು. ಬಿಳಿ ಹಕ್ಕಿ ಎಡದಿಂದ ಬಲಕ್ಕೆ ಹಾರಿಹೋದರೆ ಅದರ ಎಲ್ಲ ಭಂಗಿಗಳೂ ಒಂದೇ ಗಾಜಿನ ಮೇಲೆ ಸಾಲಾಗಿ ಮೂಡುತ್ತಿದ್ದವು. ಗರಿಗಳೂ ಕಾಣಿಸಿದವು.

ಆದರೆ ಇಲ್ಲೂ ಒಂದು ಗಂಟು. ಹಕ್ಕಿ ಸೆಕೆಂಡಿಗೆ 10 ಮೀಟರ್ ಹಾರುತ್ತೆ, ಅರ್ಧ ಮೀಟರ್ ಉದ್ದ ಇದೆ ಅಂತಿಟ್ಕೊಳ್ಳಿ. ಸೆಕೆಂಡಿಗೆ 50 ಚಿತ್ರ ತೆಗೆದರೆ ಎರಡು ಚಿತ್ರಗಳ ನಡುವೆ ಅದು ಸಾಗೋದು 20 ಸೆಂಟಿಮೀಟರ್ ಮಾತ್ರ. ಒಂದರ ಮೇಲೊಂದು ಚಿತ್ರ ಬಿದ್ದು ಬಿಳಿ ಕಲಸುಮೇಲೋಗರ. ಚಿತ್ರ ಕಡಿಮೆ ಮಾಡಿದರೆ ರೆಕ್ಕೆ ಬಡಿತದ ನಡುವಿನ ಹಂತಗಳೇ ಕಳೆದುಹೋಗುತ್ತವೆ. ಸ್ಪಷ್ಟತೆ ಬೇಕೋ, ಸಂಖ್ಯೆ ಬೇಕೋ? ಎರಡೂ ಒಟ್ಟಿಗೆ ಸಿಗುತ್ತಿರಲಿಲ್ಲ.

ಮನುಷ್ಯರ ನಡಿಗೆಯ ವಿಷಯದಲ್ಲಿ ಮಾರೇ ಇದನ್ನ ಧೈರ್ಯವಾಗಿ ಬಿಡಿಸಿದ. ಆಳಿಗೆ ಮೈತುಂಬ ಕಪ್ಪು ಬಟ್ಟೆ ಹಾಕಿಸಿ, ಕೈಕಾಲಿನ ಉದ್ದಕ್ಕೆ ಬಿಳಿ ಪಟ್ಟಿ ಅಂಟಿಸಿದ. ಚಿತ್ರದಲ್ಲಿ ಮನುಷ್ಯ ಮಾಯ, ಬರೀ ಗೆರೆಗಳ ಬೀಸಣಿಗೆ. ಇವತ್ತಿನ ಮೋಷನ್ ಕ್ಯಾಪ್ಚರಿನ ಅಜ್ಜ ಇದೇ. ಬೇಡದ್ದನ್ನ ತೆಗೆದುಹಾಕೋದೂ ಚಿತ್ರ ಸುಧಾರಿಸುವ ದಾರಿ ಅಂತ ಅವನಿಗೆ ಹೊಳೆದಿತ್ತು. ಹಕ್ಕಿಗೆ ಮಾತ್ರ ಅಂಗಿ ತೊಡಿಸೋಕಾಗಲ್ಲ. ಅದಕ್ಕೇ ಪಕ್ಕದಿಂದ, ಮೇಲಿಂದ, ಎದುರಿನಿಂದ ಚಿತ್ರ ತೆಗೆದು, ಅಳತೆಗಳನ್ನ ಕೂಡಿಸಿ, ಕಡಲಹಕ್ಕಿಯ ಒಂದೊಂದು ಭಂಗಿಯನ್ನೂ ಮೂರು ಆಯಾಮದ ಮೂರ್ತಿಯಾಗಿ ಮಾಡಿಸಿದ. 1887ರ ಸುಮಾರಿಗೆ ಅವುಗಳನ್ನ ತಿರುಗುವ ಡಬ್ಬಿಯೊಳಗೆ ಸುತ್ತಲೂ ನಿಲ್ಲಿಸಿ, ಸೀಳಿನಿಂದ ಇಣುಕಿದರೆ ಹಕ್ಕಿ ನಿಧಾನವಾಗಿ ಹಾರುತ್ತಿತ್ತು. 1888ರಲ್ಲಿ ಉದ್ದನೆಯ ಕಾಗದದ ಪಟ್ಟಿಯ ಮೇಲೆ ಬಿಡಿಬಿಡಿಯಾಗಿ ಚಿತ್ರ ಹಿಡಿದು ವಿಜ್ಞಾನ ಅಕಾಡೆಮಿಗೆ ತೋರಿಸಿದ. ಚಿತ್ರಗಳು ಮೇಲೆ ಬೀಳುವ ತೊಂದರೆ ಅಲ್ಲಿಗೆ ಮುಗೀತು. 1890ರಲ್ಲಿ ಹಕ್ಕಿಗಳ ಹಾರಾಟದ ಬಗ್ಗೆಯೇ ದೊಡ್ಡ ಪುಸ್ತಕ ಬಂತು.

ಆ ಪಟ್ಟಿಯ ಮೇಲೆ ಸಿನಿಮಾ ಇತ್ತು. ಅವನ ಸಹಾಯಕ ಜಾರ್ಜ್ ಡೆಮೆನಿಗೆ ಅದು ಕಾಣಿಸಿತು. ಕೇಂದ್ರದ ದಿನದಿನದ ಕೆಲಸದಲ್ಲಿ ಬಹುಪಾಲು ಹೊತ್ತವನು ಅವನೇ. ಇದನ್ನ ಜನರಿಗೆ ತೋರಿಸೋಣ, ದುಡ್ಡೂ ಆಗುತ್ತೆ ಅನ್ನೋದು ಅವನ ಆಸೆ. ಮಾರೇಗೆ ಅದು ಬೇಡವಾಗಿತ್ತು. ಕಣ್ಣಿಗೆ ಹೇಗೂ ಕಾಣುವುದನ್ನ ಮತ್ತೆ ಹಾಗೇ ತೋರಿಸಿ ಏನು ಪ್ರಯೋಜನ, ಕಣ್ಣು ಹಿಡಿಯಲಾಗದ್ದನ್ನ ತೋರಿಸಬೇಕು ಅನ್ನೋದು ಅವನ ನಿಲುವು. ಜಗಳ ಬಲಿತು 1894ರಲ್ಲಿ ಡೆಮೆನಿ ಕೇಂದ್ರ ಬಿಡಬೇಕಾಯ್ತು. ಮರುವರ್ಷ ಡಿಸೆಂಬರಿನಲ್ಲಿ ಲ್ಯೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಟಿಕೆಟ್ ಇಟ್ಟು ಸಿನಿಮಾ ತೋರಿಸಿದರು. ಹೆಸರು ಅವರಿಗೆ ಬಂತು. ಇದರಲ್ಲಿ ಯಾರದು ಸರಿ? ಮಾರೇಯ ಶುದ್ಧ ಹಟ ದೊಡ್ಡದೇ, ಆದರೆ ಅದರ ಬೆಲೆಯಲ್ಲಿ ಒಂದು ಪಾಲು ತೆತ್ತವನು ಡೆಮೆನಿ. ಹತ್ತು ವರ್ಷಕ್ಕೂ ಮಿಕ್ಕಿ ಜೊತೆಯಲ್ಲಿ ದುಡಿದವನು.

ಮಾರೇಯ ಕೆಲಸ ಬೇರೆ ದಾರಿಯಲ್ಲೂ ನಡೆದಿತ್ತು. ಅಮೆರಿಕದ ಡೇಟನ್ ಊರಿನ ಒಂದು ಮನೆಯ ಪುಸ್ತಕದ ಕಪಾಟಿನಲ್ಲಿ ಅವನ 1873ರ ಪುಸ್ತಕದ ಇಂಗ್ಲಿಷ್ ಅನುವಾದ ಇತ್ತು. ಹಾರಾಟದ ಬಗ್ಗೆ ಆಸಕ್ತಿ ಕೆರಳಿದಾಗ ಅದನ್ನ ತೆಗೆದು ಓದಿದವನು ವಿಲ್ಬರ್ ರೈಟ್. 1903ರ ಡಿಸೆಂಬರಿನಲ್ಲಿ ರೈಟ್ ಸಹೋದರರು ಹಾರಿದರು. ಮಾರೇ ತನ್ನ ಕೊನೆಯ ವರ್ಷಗಳಲ್ಲಿ ಹಕ್ಕಿಯನ್ನ ಬಿಟ್ಟು ಹಕ್ಕಿಯ ಸುತ್ತಲಿನ ಗಾಳಿಗೆ ಕ್ಯಾಮೆರಾ ತಿರುಗಿಸಿದ್ದ. ಗಾಜಿನ ಪೆಟ್ಟಿಗೆಯೊಳಗೆ ಹೊಗೆಯ ಎಳೆಗಳನ್ನ ಹರಿಸಿ, ಅಡ್ಡ ಇಟ್ಟ ವಸ್ತುವಿನ ಸುತ್ತ ಅವು ಹೇಗೆ ಬಾಗುತ್ತವೆ, ಎಲ್ಲಿ ಸುಳಿಯಾಗುತ್ತವೆ ಅಂತ ಫೋಟೋ ತೆಗೆದ. ಫ್ಲೂಯಿಡ್ಸ್ ಲ್ಯಾಬಿಗೆ ಹೋದವರಿಗೆ ಆ ಚಿತ್ರಗಳು ಹೊಸದು ಅನ್ನಿಸಲ್ಲ. 1904ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ಮುಂದಿನ ಸಲ ಕೆರೆಯಿಂದ ಬಂದು ಫೋಟೋ ಅಳಿಸೋಕೆ ಕೂತಾಗ, ಒಂದು ಬರ್ಸ್ಟಿನ ಎಲ್ಲ ಫ್ರೇಮುಗಳನ್ನೂ ಹಾಗೇ ಇಟ್ಕೊಳ್ಳಿ. ಚಂದದ್ದು ಒಂದನ್ನ ಮಾತ್ರ ಆರಿಸಬೇಡಿ. ಸಾಲಾಗಿ ಜೋಡಿಸಿ, ಹೆಬ್ಬಾತಿನ ರೆಕ್ಕೆಯ ತುದಿಗೆ ಒಂದೊಂದು ಚುಕ್ಕಿ ಇಟ್ಟು, ಚುಕ್ಕಿಗಳನ್ನ ಗೆರೆಯಿಂದ ಕೂಡಿಸಿ ನೋಡಿ. ಹಕ್ಕಿ ತನ್ನ ಗ್ರಾಫನ್ನ ತಾನೇ ಬರೆದಿರುತ್ತೆ.