ಆಲೂರು ವೆಂಕಟರಾಯರು ಕಂಡ ಕನ್ನಡ ತಾಯಿ

ನವೆಂಬರ್ ಬಂತೆಂದರೆ ಹೊರದೇಶದ ಕನ್ನಡ ಸಂಘಗಳಲ್ಲೆಲ್ಲ ಒಂದೇ ಓಡಾಟ. ಹಳದಿ-ಕೆಂಪು ಶಾಲು ತರಿಸಬೇಕು, ನಾಡಗೀತೆ ಪ್ರಾಕ್ಟೀಸ್ ಆಗಬೇಕು, ಭುವನೇಶ್ವರಿಯ ಪಟ ಪ್ರಿಂಟ್ ಹಾಕಿಸಬೇಕು. ನಾಡನ್ನು ತಾಯಿ ಅಂತ ಕರೆಯೋದು ನಮಗೆ ಎಷ್ಟು ರೂಢಿಯಾಗಿದೆ ಅಂದರೆ, ಅದು ಒಂದು ರೂಪಕ ಅನ್ನೋದೇ ಮರೆತುಹೋಗಿದೆ. ಈ ರೂಪಕಕ್ಕೆ ಕನ್ನಡಿಗರ ನಡುವೆ ಬಲ ತುಂಬಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ‘ಕನ್ನಡ ಕುಲಪುರೋಹಿತ’ ಆಲೂರು ವೆಂಕಟರಾಯರು. ಈ ಸಲ ಅವರ ಬದುಕನ್ನು ಆ ರೂಪಕದ ಜಾಡು ಹಿಡಿದೇ ನೋಡೋಣ.

ವೆಂಕಟರಾಯರು ಹುಟ್ಟಿದ್ದು 1880ರ ಜುಲೈ 12ರಂದು, ವಿಜಾಪುರದಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಮುಂಬೈಯಲ್ಲಿ ಕಾನೂನು ಕಲಿತು, ಧಾರವಾಡಕ್ಕೆ ಬಂದು ವಕೀಲಿ ಹಿಡಿದರು. ಅವತ್ತಿನ ಪುಣೆ ಅಂದರೆ ತಿಲಕರ ಪುಣೆ. ಮರಾಠಿಗರಿಗೆ ಅಲ್ಲಿ ತಮ್ಮದೇ ಪತ್ರಿಕೆಗಳಿದ್ದವು, ಶಿವಾಜಿ ಉತ್ಸವವಿತ್ತು, ಹೇಳಿಕೊಳ್ಳಲು ಒಂದು ಇತಿಹಾಸವಿತ್ತು. ಕನ್ನಡಿಗರಿಗೋ? 1799ರಲ್ಲಿ ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಕನ್ನಡ ಮಾತಾಡುವ ಸೀಮೆಗಳು ಮೈಸೂರು ಸಂಸ್ಥಾನ, ಮುಂಬೈ ಪ್ರಾಂತ, ಮದ್ರಾಸ್ ಪ್ರಾಂತ, ನಿಜಾಮರ ಹೈದರಾಬಾದ್, ಆಮೇಲೆ ಕೊಡಗು ಮತ್ತು ಹಲವು ಸಣ್ಣ ಸಂಸ್ಥಾನಗಳ ನಡುವೆ ಹರಿದು ಹಂಚಿಹೋಗಿದ್ದವು. ಓದಲು ಊರು ಬಿಟ್ಟ ಮೇಲೆ ನಮ್ಮದು ಯಾವುದು ಅನ್ನೋ ಪ್ರಶ್ನೆ ಎದುರಾಗೋದು ನಮಗೂ ಗೊತ್ತಲ್ವಾ? ಆದರೆ ಅವರ ಎದುರಿಗಿದ್ದ ಪ್ರಶ್ನೆ ಇನ್ನೂ ಕಷ್ಟದ್ದು. ತೋರಿಸಿ ಹೇಳೋಣವೆಂದರೆ ನಕಾಶೆಯಲ್ಲಿ ಅಂಥ ನಾಡೇ ಇರಲಿಲ್ಲ.

1905ರಲ್ಲಿ ಬ್ರಿಟಿಷ್ ಸರ್ಕಾರ ಬಂಗಾಳವನ್ನು ಎರಡು ಭಾಗ ಮಾಡಿತು. ಸರ್ಕಾರದ ಲೆಕ್ಕದಲ್ಲಿ ಅದು ಆಡಳಿತದ ಅನುಕೂಲ. ನಾಡನ್ನು ತಾಯಿಯಾಗಿ ಕಾಣಲು ಆಗಲೇ ಕಲಿತಿದ್ದ ಬಂಗಾಳಿಗಳಿಗೆ ಅದು ತಾಯಿಯ ದೇಹವನ್ನೇ ಕತ್ತರಿಸಿದಂತೆ ಕಂಡಿತು. ಅವನೀಂದ್ರನಾಥ ಠಾಕೂರರು ಭಾರತಮಾತೆಯ ಚಿತ್ರ ಬರೆದದ್ದೂ ಆ ಕಾಲದಲ್ಲೇ. ರೂಪಕದ ಶಕ್ತಿ ಇರುವುದು ಇಲ್ಲೇ. ಗಡಿ ಬದಲಾದರೆ ಅರ್ಜಿ ಬರೀಬಹುದು. ತಾಯಿಗೆ ಗಾಯವಾದರೆ ಮಕ್ಕಳು ಸುಮ್ಮನೆ ಕೂರೋ ಹಾಗಿಲ್ಲ.

ಅದೇ ವರ್ಷ ವೆಂಕಟರಾಯರು ಹಂಪಿಗೆ ಹೋದರು. ವಿಜಯನಗರದ ಹಾಳು ಅವರನ್ನು ಅಲುಗಾಡಿಸಿಬಿಟ್ಟಿತು. ತಮ್ಮ ಬದುಕಿನ ದಿಕ್ಕು ಬದಲಾದದ್ದು ಅಲ್ಲಿಂದ ಎಂದು ಅವರೇ ಮುಂದೆ ನೆನೆದಿದ್ದಾರೆ. ಬಿದ್ದ ಕಲ್ಲುಗಳಲ್ಲಿ ಅವರು ಕಂಡದ್ದು ಒಂದು ರಾಜಧಾನಿಯ ಹಾಳನ್ನಷ್ಟೇ ಅಲ್ಲ, ಎದ್ದು ನಿಲ್ಲಬೇಕಾದ ಒಂದು ನಾಡನ್ನು. ವರ್ಷಗಟ್ಟಲೆ ಶಾಸನ, ಇತಿಹಾಸ ಓದಿ 1917ರಲ್ಲಿ ‘ಕರ್ನಾಟಕ ಗತವೈಭವ’ ಪ್ರಕಟಿಸಿದರು. ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದವರು, ಬೇರೆ ಬೇರೆ ಕಾಲದ ಈ ಎಲ್ಲ ಮನೆತನಗಳೂ ಅಲ್ಲಿ ಒಂದೇ ಕರ್ನಾಟಕದ ಕಥೆಯಾದವು. ತಮಗೆ ಇತಿಹಾಸವೇ ಇಲ್ಲ ಅಂದುಕೊಂಡಿದ್ದ ಓದುಗರಿಗೆ ಆ ಪುಸ್ತಕ ಬೆನ್ನು ನೇರ ಮಾಡಿ ನಿಲ್ಲುವುದನ್ನು ಕಲಿಸಿತು.

ಆದರೆ ಗತವೈಭವ ಅನ್ನೋದೂ ಒಂದು ರೂಪಕವೇ. ಇತಿಹಾಸವನ್ನು ಅದು ಏಳು, ಬೀಳು, ಮತ್ತೆ ಏಳು ಅನ್ನೋ ಅಚ್ಚಿಗೆ ಹಾಕುತ್ತೆ. ಈ ಅಚ್ಚಿನಲ್ಲಿ ರಾಜರು ಚೆನ್ನಾಗಿ ಕೂರುತ್ತಾರೆ. ಹೊಲ ಉತ್ತವರು, ಮಗ್ಗದ ಮುಂದೆ ಕೂತವರು ಅಷ್ಟು ಸುಲಭವಾಗಿ ಕೂರೋದಿಲ್ಲ. ಇನ್ನೊಂದು ಮಾತು: ವೈಭವ ಕಳೆದುಹೋಯಿತು ಅಂದ ಕೂಡಲೇ, ಕಳೆದವರು ಯಾರು ಅಂತ ಹುಡುಕೋ ಚಟ ಹಿಂದೆಯೇ ಬರುತ್ತೆ. ಆ ಹುಡುಕಾಟ ಎಷ್ಟೋ ದೇಶಗಳಲ್ಲಿ ಪಕ್ಕದ ಮನೆಯವರ ಬಾಗಿಲಿಗೆ ಹೋಗಿ ನಿಂತಿದೆ.

ವೆಂಕಟರಾಯರು ಎಚ್ಚರ ತೋರಿದ್ದು ಇನ್ನೊಂದು ಕಡೆ. ಕನ್ನಡದ ಅಭಿಮಾನ ಬೆಳೆದರೆ ಭಾರತದ ಅಭಿಮಾನ ಕುಗ್ಗುತ್ತೆ ಎಂಬ ಅಂಜಿಕೆ ಆಗಿನ ಎಷ್ಟೋ ಜನರಿಗಿತ್ತು. ಅವರು ‘ಕರ್ನಾಟಕತ್ವ’ ಎಂಬ ವಿಚಾರವನ್ನು ಬೆಳೆಸಿ, ಅದು ಭಾರತೀಯತೆಗೆ ಎದುರಲ್ಲ, ಅದನ್ನು ಮುಟ್ಟುವ ದಾರಿ ಎಂದು ತೋರಿಸಿದರು. ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರೂ ಅವರೇ, ಏಕೀಕರಣಕ್ಕೆ ದುಡಿದವರೂ ಅವರೇ. ನಮ್ಮ ನಾಡಗೀತೆಯಲ್ಲಿ ಕುವೆಂಪು ಅವರು ಕರ್ನಾಟಕವನ್ನು ಭಾರತ ತಾಯಿಯ ಮಗಳಾಗಿ ಕಂಡದ್ದೂ ಇದೇ ಪ್ರಶ್ನೆಗೆ ಇನ್ನೊಂದು ಚೆಂದದ ಉತ್ತರ. ತಾಯಿ-ಮಗಳು ಅಂದ ಮೇಲೆ ಯಾರು ಹೆಚ್ಚು ಅನ್ನೋ ಜಗಳಕ್ಕೆ ಜಾಗ ಕಡಿಮೆ.

ಬರೀ ರೂಪಕದಿಂದ ನಾಡು ಆಗಲಿಲ್ಲ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಕೆಲಸ, ‘ವಾಗ್ಭೂಷಣ’ ಪತ್ರಿಕೆ, 1922ರಲ್ಲಿ ಶುರುವಾದ ‘ಜಯ ಕರ್ನಾಟಕ’, ಸಭೆ, ಠರಾವು, ಪ್ರವಾಸ: ವೆಂಕಟರಾಯರ ಆಯುಷ್ಯ ಸವೆದದ್ದು ಇವುಗಳಲ್ಲಿ. 1920ರ ನಾಗಪುರ ಅಧಿವೇಶನದ ಹೊತ್ತಿಗೆ ಕಾಂಗ್ರೆಸ್ಸು ಭಾಷಾವಾರು ಪ್ರಾಂತ ಸಮಿತಿಗಳನ್ನು ಒಪ್ಪಿತು, ಕರ್ನಾಟಕಕ್ಕೂ ಒಂದು ಸಿಕ್ಕಿತು. ಸರ್ಕಾರದ ನಕಾಶೆ ಬದಲಾಗಲು ಇನ್ನೂ 36 ವರ್ಷ ಬೇಕಾಯಿತು.

ಆ ದಾರಿಯಲ್ಲಿ ತಾಯಿಯ ರೂಪಕ ಮುಚ್ಚಿಟ್ಟದ್ದೂ ಇದೆ. ಒಬ್ಬ ತಾಯಿಯ ಮಕ್ಕಳು ಅಂದರೂ, ಹಳೇ ಮೈಸೂರಿನ ಕೆಲವು ಮುಖಂಡರಿಗೆ ಏಕೀಕರಣ ಬೇಕಿರಲಿಲ್ಲ. ಹಿಂದುಳಿದ ಜಿಲ್ಲೆಗಳ ಭಾರ ತಮ್ಮ ಮೇಲೆ ಬೀಳುತ್ತೆ, ಅಧಿಕಾರದ ತೂಕ ಬದಲಾಗುತ್ತೆ ಎಂಬ ಚಿಂತೆ ಅವರದ್ದು. ಕೊನೆಗೆ 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವಾದಾಗ ಕಾಸರಗೋಡು ಕೇರಳಕ್ಕೆ ಹೋಯಿತು, ಬೆಳಗಾವಿಯ ತಕರಾರು ಉಳಿದೇ ಹೋಯಿತು. ಅಂಥ ಊರುಗಳಲ್ಲಿ ಎರಡು ಭಾಷೆ ಒಂದೇ ಬೀದಿಯಲ್ಲಿ ಬದುಕುತ್ತವೆ. ಆಡಳಿತ ಅಂತ ನೋಡಿದರೆ ಶಾಲೆ, ಕಚೇರಿ, ಬೋರ್ಡುಗಳ ಬಗ್ಗೆ ಕೂತು ಮಾತಾಡಬಹುದು. ತಾಯಿಯ ಅಂಗ ಅಂತ ನೋಡಿದರೆ ಮಾತುಕತೆಯೇ ದ್ರೋಹ ಅನ್ನಿಸುತ್ತೆ. ಮನೆಯಲ್ಲಿ ತುಳು, ಕೊಡವ, ಕೊಂಕಣಿ, ಉರ್ದು ಆಡುವ ಕರ್ನಾಟಕದವರ ಪಾಡೂ ಹೀಗೇ. ಅವರಿಗೆ ತಾಯ್ನುಡಿ ಒಂದು, ನಾಡತಾಯಿ ಇನ್ನೊಂದು. ತಾಯಿ ಒಬ್ಬಳೇ ಅಂತ ಹಟ ಹಿಡಿದರೆ ಅವರು ಎಲ್ಲಿ ನಿಲ್ಲಬೇಕು?

ವೆಂಕಟರಾಯರು 1964ರ ಫೆಬ್ರವರಿ 25ರಂದು ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಕುಲಪುರೋಹಿತರಿಗೆ ನಾಮಕರಣ ನೋಡುವ ಯೋಗ ಇರಲಿಲ್ಲ.

ತಾಯಿ ಎಂಬ ಮಾತು ಬೇಡ ಅಂತ ನಾವು ಹೇಳ್ತಿಲ್ಲ. ನಕಾಶೆಯಲ್ಲಿಲ್ಲದ ನಾಡನ್ನು ಜನರ ಮನಸ್ಸಿನಲ್ಲಿ ಕಟ್ಟಲು ಆ ಮಾತೇ ಬೇಕಾಗಿತ್ತು, ಅದು ತನ್ನ ಕೆಲಸ ಮಾಡಿತು. ಈಗ ನಾಡು ಇದೆ. ನಮ್ಮ ಸಂಘಕ್ಕೆ ಬರುವವರಲ್ಲಿ ಮಂಗಳೂರಿನ ಬ್ಯಾರಿ ಹುಡುಗನೂ ಇರಬಹುದು, ಕಾಸರಗೋಡಿನ ಹುಡುಗಿಯೂ ಇರಬಹುದು, ಕನ್ನಡ ತಡವರಿಸಿ ಮಾತಾಡುವ ಇಲ್ಲೇ ಹುಟ್ಟಿದವರೂ ಇರಬಹುದು. ಪಟದ ಮುಂದೆ ದೀಪ ಹಚ್ಚುವಾಗ ಇವರೆಲ್ಲರೂ ಅಲ್ಲಿ ನಿಂತಿದ್ದಾರಾ ಅಂತ ಒಮ್ಮೆ ತಿರುಗಿ ನೋಡೋಣ. ಹರಿದು ಹಂಚಿಹೋದವರನ್ನು ಒಂದು ಕಡೆ ಸೇರಿಸಲೆಂದೇ ತಾನೇ ವೆಂಕಟರಾಯರು ಆಯುಷ್ಯವಿಡೀ ಓಡಾಡಿದ್ದು.